ಖಾಲಿ ಜಾಗ ಎನ್ನುವ ಮುನ್ನ ಹುಲ್ಲನ್ನು ಎಣಿಸಿ

ಮಾನ್ಯ ಸಂಪಾದಕರೇ,

ನಾಲ್ಕು ಹನಿ ಮುಂಗಾರು ಬಿದ್ದರೆ ಸಾಕು, ಬಯಲುಸೀಮೆಯ ಕಾಲೇಜುಗಳಲ್ಲಿ ಗುದ್ದಲಿ ಪೂಜೆ ಶುರುವಾಗುತ್ತದೆ. ಜೂನ್ 5ರ ಪರಿಸರ ದಿನಕ್ಕೆ ಒಂದು ಸುತ್ತು, ಜುಲೈನ ವನಮಹೋತ್ಸವಕ್ಕೆ ಇನ್ನೊಂದು, ಕಾಲೇಜುಗಳ ಗುಣಮಟ್ಟ ಅಳೆಯುವ ನ್ಯಾಕ್ ಪರಿಶೀಲನೆ ಇದ್ದರೆ ಮತ್ತೂ ಒಂದು. ಆಟದ ಮೈದಾನದ ಆಚೆ, ಕಾಂಪೌಂಡಿನ ಈಚೆ, ಮೊಣಕಾಲುದ್ದ ಹುಲ್ಲು ನಿಂತ ನಾಲ್ಕೈದು ಎಕರೆ ‘ಖಾಲಿ ಜಾಗ’ದ ಮೇಲೆ ಎಲ್ಲರ ಕಣ್ಣು. ಮೂರು ಮೀಟರಿಗೊಂದರಂತೆ ಒಂದೂವರೆ ಅಡಿ ಗುಂಡಿ ತೆಗೆದರೆ ಎಕರೆಗೆ ಸುಮಾರು 450 ಗುಂಡಿ. ಫೋಟೊ ಆಗುತ್ತದೆ, ಸಸಿ ನೆಟ್ಟ ಲೆಕ್ಕ ವರದಿಗೆ ಸೇರುತ್ತದೆ. ತಿಂಗಳು ಬಿಟ್ಟು ಹೋಗಿ ನೋಡಿದರೆ ಪ್ರತಿ ಗುಂಡಿಯ ಸುತ್ತ, ಮೇಲೆತ್ತಿ ಹಾಕಿದ ಮಣ್ಣಿನ ಮೇಲೆ, ಉಂಗುರದಂತೆ ಕಾಂಗ್ರೆಸ್ ಗಿಡ, ಅಂದರೆ ಪಾರ್ಥೇನಿಯಂ ಕಳೆ, ಎದ್ದಿರುತ್ತದೆ. ಹುಲ್ಲಿನ ಬುಡ ಬಿಗಿಯಾಗಿದ್ದ ಕಡೆ ಪಾರ್ಥೇನಿಯಂಗೆ ಕಾಲಿಡಲು ಜಾಗವಿರಲಿಲ್ಲ. ಗುದ್ದಲಿಯೇ ಅದಕ್ಕೆ ಬೀಜದ ಮಡಿ ಮಾಡಿಕೊಟ್ಟಿತು.

ಗಿಡ ನೆಡಬಾರದೆಂದು ಯಾರೂ ತಿಳಿಯಬಾರದು. ರಸ್ತೆಬದಿಗೆ, ಹಾಸ್ಟೆಲಿನ ಹಿಂದೆ, ಉತ್ತು ಬಿಟ್ಟ ಹೊಲದಲ್ಲಿ ಎಷ್ಟು ಬೇಕಾದರೂ ನೆಡಲಿ. ಹುಲ್ಲು ನಿಂತ ನೆಲವನ್ನು ಖಾಲಿ ಎಂದು ಬರೆದುಕೊಳ್ಳುವುದಕ್ಕಷ್ಟೇ ನಮ್ಮ ತಕರಾರು. ಪಹಣಿಯಲ್ಲಿ ‘ಖರಾಬು’ ಎಂದು ಬರೆದಾಕ್ಷಣ ಜನರ ಬಾಯಲ್ಲೂ ಅದು ಪಾಳು ಬಿದ್ದ ಜಮೀನೇ. ಹಾಗೆ ಬಗೆದದ್ದರ ಫಲ ರಾಣೆಬೆನ್ನೂರಿನಲ್ಲಿದೆ. 1974ರಲ್ಲಿ ಕೃಷ್ಣಮೃಗ ಅಭಯಾರಣ್ಯವೆಂದು ಘೋಷಣೆಯಾದ 119 ಚದರ ಕಿ.ಮೀ. ಪ್ರದೇಶದ ಬಹುಪಾಲನ್ನು ನೀಲಗಿರಿ ನೆಡುತೋಪು ಆವರಿಸಿತು. ಬಯಲನ್ನೇ ನಂಬಿದ್ದ ಎರೆಭೂತ ಪಕ್ಷಿ ಒಂದು ಕಾಲಕ್ಕೆ ಅಲ್ಲಿತ್ತು, ಈಗ ಇಲ್ಲ. ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯಲ್ಲಿ ಮಾತ್ರ, 2007ರಲ್ಲಿ ಜಯಮಂಗಲಿ ಸಂರಕ್ಷಣಾ ಮೀಸಲು ಎಂಬ ಹೆಸರು ಸಿಕ್ಕಿದ್ದರಿಂದ, ಸುಮಾರು 800 ಎಕರೆ ಬಯಲು ಬಯಲಾಗಿಯೇ ಉಳಿದಿದೆ.

ಇದೇ ತಪ್ಪನ್ನು ನಮಗಿಂತ ಮೊದಲು, ನಮಗಿಂತ ದೊಡ್ಡದಾಗಿ ಮಾಡಿದವರು ಅಮೆರಿಕದವರು. ಅವರ ಪ್ರೇರಿ, ಅಂದರೆ ಎತ್ತರದ ಹುಲ್ಲಿನ ಬಯಲು, ಒಂದು ಕಾಲಕ್ಕೆ ಸುಮಾರು 17 ಕೋಟಿ ಎಕರೆಯಷ್ಟಿತ್ತು. 1837ರಲ್ಲಿ ಇಲಿನಾಯ್‌ನ ಕಮ್ಮಾರ ಜಾನ್ ಡಿಯರ್ ಉಕ್ಕಿನ ನೇಗಿಲು ಮಾಡಿದ. ಅಲ್ಲಿಯವರೆಗೆ ಎರಕದ ಕಬ್ಬಿಣದ ಗುಳಕ್ಕೆ ಮೆತ್ತಿಕೊಂಡು ಕಾಡುತ್ತಿದ್ದ ಅಂಟುಮಣ್ಣು ನುಣುಪಾದ ಉಕ್ಕಿನ ಮೇಲೆ ಜಾರಿಹೋಗತೊಡಗಿತು. ನೂರು ವರ್ಷ ತುಂಬುವುದರೊಳಗೆ ಬಯಲೆಲ್ಲ ಮೆಕ್ಕೆಜೋಳದ ಹೊಲ. ಇಂದು ಉಳಿದಿರುವುದು ಶೇ 4ಕ್ಕಿಂತ ಕಡಿಮೆ. ಐಯೊವಾ ರಾಜ್ಯದಲ್ಲಿ ಸಾವಿರಕ್ಕೆ ಒಂದು ಪಾಲೂ ಇಲ್ಲ. ಕಾನ್ಸಾಸ್‌ನ ಫ್ಲಿಂಟ್ ಹಿಲ್ಸ್‌ನಲ್ಲಿ ದೊಡ್ಡ ತುಂಡು ಉಳಿದದ್ದು ಯಾರ ವಿವೇಕದಿಂದಲೂ ಅಲ್ಲ. ನೆಲದಲ್ಲಿ ಚಕಮಕಿ ಕಲ್ಲಿತ್ತು, ನೇಗಿಲು ಇಳಿಯಲಿಲ್ಲ.

ಕಳೆದುಕೊಂಡದ್ದನ್ನು ಮರಳಿ ಬೆಳೆಸಲು ಮೊದಲು ಕೈಹಾಕಿದ್ದು ಒಂದು ವಿಶ್ವವಿದ್ಯಾಲಯದ ಆವರಣ ಎಂಬುದೇ ಈ ಪತ್ರಕ್ಕೆ ಕಾರಣ. ವಿಸ್ಕಾನ್ಸಿನ್ ವಿಶ್ವವಿದ್ಯಾಲಯ ಮ್ಯಾಡಿಸನ್ ನಗರದ ಅಂಚಿನಲ್ಲಿ 1934ರಲ್ಲಿ ತನ್ನ ಅರ್ಬೊರೇಟಂ ತೆರೆಯಿತು. ಹೆಸರು ಮರಗಳ ತೋಟದ್ದು. ಆದರೆ ಅದರ ಸಂಶೋಧನೆಯ ಹೊಣೆ ಹೊತ್ತ ಆಲ್ಡೊ ಲಿಯೊಪೋಲ್ಡ್ ಮತ್ತು ಸಸ್ಯಶಾಸ್ತ್ರಜ್ಞ ನಾರ್ಮನ್ ಫ್ಯಾಸೆಟ್ ಅವರಿಗೆ ಅಲ್ಲಿ ಹುಲ್ಲು ಬೇಕಿತ್ತು. ಉಳುಮೆ ಕಂಡು, ಆಮೇಲೆ ಕುದುರೆ ಮೇದ ಜಮೀನದು. ಆರ್ಥಿಕ ಕುಸಿತದ ಆ ಕಾಲದಲ್ಲಿ ಕೆಲಸವಿಲ್ಲದ ಯುವಕರಿಗೆಂದು ಸರ್ಕಾರ ಕಟ್ಟಿದ್ದ ದಳದವರು, ಥಿಯೊಡೋರ್ ಸ್ಪೆರಿ ಎಂಬ ತಜ್ಞರ ನಿಗಾದಲ್ಲಿ, ಅಳಿದುಳಿದ ಪ್ರೇರಿ ತುಣುಕುಗಳಿಂದ ಹುಲ್ಲಿನ ಹೆಂಟೆಗಳನ್ನು ಅಗೆದು ತಂದು ನೆಟ್ಟರು; ಬೀಜವಿದ್ದ ಒಣಹುಲ್ಲನ್ನು ಹರಡಿದರು. 60-70 ಎಕರೆಯ ಆ ಬಯಲಿಗೆ ಈಗ ಕರ್ಟಿಸ್ ಪ್ರೇರಿ ಎಂದು ಹೆಸರು. ಹಾಳಾದ ನೆಲದಲ್ಲಿ ಮರಳಿ ಕಟ್ಟಿದ ಪ್ರೇರಿಗಳಲ್ಲಿ ಅದೇ ಎಲ್ಲಕ್ಕಿಂತ ಹಳೆಯದು.

ನೆಟ್ಟದ್ದೇನೋ ಬಂತು, ಕೆಂಟಕಿ ಬ್ಲೂಗ್ರಾಸ್ ಎಂಬ ಪರಸ್ಥಳದ ಹುಲ್ಲು ಮಾತ್ರ ಬಿಟ್ಟುಹೋಗಲಿಲ್ಲ. 1940ರ ದಶಕದಲ್ಲಿ ಅದೇ ವಿಶ್ವವಿದ್ಯಾಲಯದ ಸಸ್ಯಶಾಸ್ತ್ರ ವಿಭಾಗದ ಜಾನ್ ಕರ್ಟಿಸ್ ಮತ್ತು ಮ್ಯಾಕ್ಸ್ ಪಾರ್ಚ್ ಆ ಬಯಲಿನ ತುಂಡುಗಳಿಗೆ ಬೇರೆ ಬೇರೆ ಹೊತ್ತಿನಲ್ಲಿ ಬೆಂಕಿ ಕೊಟ್ಟು ನೋಡಿದರು. ಗುಟ್ಟು ಇರುವುದು ಕಾಲದಲ್ಲಿ. ಬ್ಲೂಗ್ರಾಸ್ ಚಳಿಯ ಹುಲ್ಲು. ಹಿಮ ಕರಗಿದ ಕೂಡಲೇ ಚಿಗುರುತ್ತದೆ. ಬಿಗ್ ಬ್ಲೂಸ್ಟೆಮ್, ಇಂಡಿಯನ್ ಗ್ರಾಸ್‌ನಂಥ ಪ್ರೇರಿಯ ಹುಲ್ಲುಗಳು ಬಿಸಿಲಿನವು. ವಸಂತದಲ್ಲಿ ಇನ್ನೂ ನೆಲದಡಿ ಮಲಗಿರುತ್ತವೆ. ಆಗ ಬೆಂಕಿ ಹಾಯಿಸಿದರೆ ಎಚ್ಚರವಾದದ್ದು ಸುಡುತ್ತದೆ, ಮಲಗಿದ್ದು ಉಳಿಯುತ್ತದೆ. ಕಪ್ಪಾದ ನೆಲ ಬೇಗ ಕಾಯುವುದರಿಂದ ಉಳಿದದ್ದಕ್ಕೆ ಬಲವೂ ಬರುತ್ತದೆ. 1950ರಿಂದ ಅಲ್ಲಿ ಬೆಂಕಿ ಕೊಡುವುದು ನಿಯಮಿತ ಕೆಲಸವಾಯಿತು.

ಬೆಂಕಿ ಎಂದರೆ ಕಡ್ಡಿ ಗೀರಿ ಓಡುವುದಲ್ಲ. ಬಯಲನ್ನು ತುಂಡುಗಳಾಗಿ ಹಂಚಿ, ಒಂದು ವರ್ಷಕ್ಕೆ ಒಂದೋ ಎರಡೋ ತುಂಡು ಮಾತ್ರ ಸುಡುತ್ತಾರೆ. ಒಣದಂಟಿನೊಳಗೆ ಚಳಿಗಾಲ ಕಳೆಯುವ ಕೀಟಗಳಿಗೆ ಉಳಿದ ತುಂಡು ಆಸರೆ. ಸುತ್ತ ಹತ್ತಡಿಗೆ ಕಡಿಮೆಯಿಲ್ಲದ ಪಟ್ಟಿಯನ್ನು ನುಣ್ಣಗೆ ಕತ್ತರಿಸಿ ಹುಲ್ಲು ಗುಡಿಸಿರುತ್ತಾರೆ. ಗಾಳಿ ಗಂಟೆಗೆ ಸುಮಾರು 8ರಿಂದ 24 ಕಿ.ಮೀ. ಒಳಗೆ, ಒಂದೇ ದಿಕ್ಕಿಗೆ ಬೀಸುತ್ತಿರಬೇಕು. ಗಾಳಿಯೇ ಇಲ್ಲದ ದಿನವೂ ಆಗದು. ಬೆಂಕಿ ಯಾವ ಕಡೆ ತಿರುಗುತ್ತದೋ ಹೇಳಲಾಗದು. ಮೊದಲ ಬೆಂಕಿ ಗಾಳಿ ಹೋಗುವ ಕಡೆಯ ಅಂಚಿನಲ್ಲಿ. ಅದು ಗಾಳಿಗೆ ಎದುರಾಗಿ ಇಂಚಿಂಚೇ ಹಿಂದಕ್ಕೆ ಸುಡುತ್ತ ಕಪ್ಪು ಪಟ್ಟಿ ಬಿಡುತ್ತದೆ. ಬಳಿಕ ಎರಡು ಮಗ್ಗುಲು. ಕೊನೆಗೆ ಗಾಳಿ ಬರುವ ಕಡೆಯಿಂದ ಹಚ್ಚಿದ್ದು ಆಳೆತ್ತರ ಎದ್ದು ಓಡಿಬಂದು, ಕಪ್ಪು ಪಟ್ಟಿ ಮುಟ್ಟಿ, ತಿನ್ನಲು ಏನೂ ಸಿಗದೆ ಆರುತ್ತದೆ. ಈ ಕ್ರಮ ತಲೆಕೆಳಗಾದರೆ ಅನಾಹುತ. ಬೆನ್ನಿಗೆ ನೀರಿನ ಪಂಪು, ಕೈಯಲ್ಲಿ ರಬ್ಬರ್ ಬಡಿಗೆ, ಅಗ್ನಿಶಾಮಕ ಠಾಣೆಗೆ ಮುಂಗಡ ಸುದ್ದಿ, ಇವಿಲ್ಲದೆ ಯಾರೂ ಕಡ್ಡಿ ಗೀರುವುದಿಲ್ಲ.

ಅಷ್ಟಾದರೂ ಬೆಂಕಿ ಸರ್ವರೋಗಕ್ಕೂ ಮದ್ದಲ್ಲ ಎಂದು ಅವರಿಗೆ ಕಲಿಸಿದ್ದು ಸ್ವೀಟ್ ಕ್ಲೋವರ್ ಎಂಬ ಕಳೆ. ಎರಡು ವರ್ಷ ಬಾಳುವ ಅದರ ಬೀಜದ ಸಿಪ್ಪೆ ಕಲ್ಲಿನಂಥದು. ಬೆಂಕಿಯ ಕಾವಿಗೆ ಬಿರಿದು ಒಮ್ಮೆಗೇ ಮೊಳೆಯುತ್ತದೆ. ಒಂದು ವರ್ಷ ಸುಟ್ಟು ಕೈಬಿಟ್ಟರೆ ಮರುವರ್ಷ ಬಯಲೆಲ್ಲ ಕ್ಲೋವರ್. ಮೊದಲ ವರ್ಷ ಸುಟ್ಟು ಮೊಳೆಯಿಸಿ, ಎರಡನೆಯ ವರ್ಷ ಹೂ ಬೀಜವಾಗುವ ಮೊದಲು ಸುಡುವುದೋ ಕತ್ತರಿಸುವುದೋ ಆದರೆ ಮಾತ್ರ ಹಿಡಿತಕ್ಕೆ ಬರುತ್ತದೆ. ಇನ್ನೊಂದು ಪಾಠ ನೀರಿನದು. ಕರ್ಟಿಸ್ ಪ್ರೇರಿಯ ಮಗ್ಗುಲಲ್ಲೇ ಹೆದ್ದಾರಿ. ಡಾಂಬರಿನಿಂದ ಹರಿದುಬಂದ ಮಳೆನೀರು ಹೂಳು, ಗೊಬ್ಬರದ ಅಂಶ ಹೊತ್ತು ತಂದ ಕಡೆಯಲ್ಲೆಲ್ಲ ರೀಡ್ ಕೆನರಿ ಹುಲ್ಲು ಒಂದೇ ರಾಶಿಯಾಗಿ ಬೆಳೆದು ಉಳಿದದ್ದನ್ನೆಲ್ಲ ಮುಚ್ಚಿತು. ದಶಕಗಳ ಕೈಕೆಲಸವನ್ನು ಒಂದು ಚರಂಡಿ ಕೆಡಿಸಬಲ್ಲದು. ಇದನ್ನು ನಮ್ಮ ಕಾಲೇಜುಗಳ ಕ್ಯಾಂಟೀನಿನ ಹಿಂದಿನ ಮೋರಿಯೊಂದಿಗೆ ಸೇರಿಸಿ ಓದಿಕೊಳ್ಳಬಹುದು. ಕೈತೊಳೆದ ನೀರು, ಚಾವಣಿಯ ನೀರು ಹುಲ್ಲಿನ ತಾಕಿಗೆ ಹರಿದರೆ ಎರಡೇ ವರ್ಷಕ್ಕೆ ಜೊಂಡು, ಕಾಂಗ್ರೆಸ್ ಗಿಡ, ಸೊಳ್ಳೆ. ಮೊದಲು ಮೋರಿ ತಿರುಗಿಸಿ. ಹುಲ್ಲಿನ ಮಾತು ಆಮೇಲೆ.

ಇದನ್ನೆಲ್ಲ ಕಂಡು ನಮ್ಮವರು ಬೆಂಕಿಪೆಟ್ಟಿಗೆ ಹುಡುಕಬಾರದು. ಬಯಲುಸೀಮೆಯ ಕಾಲೇಜಿನ ಆವರಣದಲ್ಲಿ ಬೆಂಕಿ ಬೇಡವೇ ಬೇಡ. ಅಲ್ಲಿ ಸುಡುವುದಕ್ಕೆ ಕಾರಣ ಚಳಿಯ ಹುಲ್ಲಿಗೂ ಬಿಸಿಲಿನ ಹುಲ್ಲಿಗೂ ಇರುವ ಕಾಲದ ಅಂತರ. ವರ್ಷಕ್ಕೆ 500 ಮಿ.ಮೀ. ಆಸುಪಾಸು ಮಳೆಯ ಚಳ್ಳಕೆರೆ, ಹಿರಿಯೂರು ಕಡೆ ಬ್ಲೂಗ್ರಾಸ್ ಎಂಬ ವೈರಿಯೇ ಇಲ್ಲ. ಜೊತೆಗೆ ಮಾರ್ಚ್ ಗಾಳಿಗೆ ಕಿಡಿ ಪಕ್ಕದ ಬಣವೆಗೆ ಹಾರಿದರೆ ಉತ್ತರ ಹೇಳುವವರಾರು? ನಮ್ಮ ನೆಲಕ್ಕೆ ಬೇರೆಯ ಪದ್ಧತಿಯೇ ಇತ್ತು. ಚಿಕ್ಕದೇವರಾಜ ಒಡೆಯರ ಕಾಲದ ಬೆಣ್ಣೆ ಚಾವಡಿ, ಅಂದರೆ ಅರಮನೆಯ ದನ ಸಾಕುವ ಇಲಾಖೆ, ಟಿಪ್ಪುವಿನ ಕಾಲಕ್ಕೆ ಅಮೃತ ಮಹಲ್ ಆಯಿತು; ಅದರ ಕಾವಲುಗಳನ್ನು, ಅಂದರೆ ಮೇವಿನ ಬಯಲುಗಳನ್ನು, ಬೇಸಿಗೆಯವು, ಮಳೆಗಾಲದವು, ಚಳಿಗಾಲದವು ಎಂದು ವಿಂಗಡಿಸಿದ್ದರು. ದನ ಒಂದು ಕಾವಲಿನಲ್ಲಿದ್ದಾಗ ಇನ್ನೊಂದರ ಹುಲ್ಲಿಗೆ ಬಿಡುವು. ಕತ್ತರಿಸುವುದು, ಮೇಯಿಸುವುದು, ಬಿಡುವು ಕೊಡುವುದು: ಬೆಂಕಿ ಅಲ್ಲಿ ಮಾಡುವ ಕೆಲಸವನ್ನು ಇಲ್ಲಿ ಈ ಮೂರು ಮಾಡುತ್ತವೆ. ಏನೂ ಮಾಡದೆ ಬೇಲಿ ಹಾಕಿ ಕೂತರೂ ಕೆಡುತ್ತದೆ. ಹಳೆಯ ಒಣಹುಲ್ಲು ಬುಡದ ಮೇಲೆ ಕವುಚಿಕೊಂಡು ಹೊಸ ಸುಳಿಗೆ ಬೆಳಕಿಲ್ಲದಂತಾಗಿ, ಗುತ್ತಿಗಳು ನಡುವಿನಿಂದ ಸಾಯುತ್ತವೆ.

ಹಾಗಾದರೆ ಒಂದೆರಡು ಎಕರೆ ಹುಲ್ಲಿರುವ ಕಾಲೇಜು ಮಾಡಬೇಕಾದ್ದೇನು?

ಮೊದಲ ವರ್ಷ ಏನನ್ನೂ ನೆಡದೆ, ಕೀಳದೆ, ನೋಡುವುದು. ನೆಲ ಹಳೆಯ ಹುಲ್ಲುಗಾವಲೋ, ಬೀಳುಬಿಟ್ಟ ಹೊಲವೋ ಎಂಬುದನ್ನು ಹುಲ್ಲೇ ಹೇಳುತ್ತದೆ. ಬಹುವಾರ್ಷಿಕ ಹುಲ್ಲು ಗುತ್ತಿಗುತ್ತಿಯಾಗಿ, ಎಳೆದರೆ ಬಾರದಂತೆ ನಿಂತಿದೆಯೇ? ಮೊದಲ ಮಳೆಗೆ ಎಲೆಯಿಲ್ಲದೆ ಹೂವಷ್ಟೇ ನೆಲದಿಂದ ಏಳುವ ಗೆಡ್ಡೆಗಿಡಗಳಿವೆಯೇ? ನಡುನಡುವೆ ಕಾರೆ, ಕವಳೆ, ಎಲಚಿ, ತಂಗಡಿ ಚದುರಿ ನಿಂತಿವೆಯೇ? ಹಾಗಿದ್ದರೆ ಅದು ಹಳೆಯ ಬಯಲು, ಗುದ್ದಲಿ ಮುಟ್ಟಿಸಬೇಡಿ. ತಗಚೆ, ಕಾಂಗ್ರೆಸ್ ಗಿಡ, ಕೈಯಲ್ಲಿ ಕಿತ್ತರೆ ಸಲೀಸಾಗಿ ಬರುವ ವರ್ಷದ ಹುಲ್ಲುಗಳೇ ತುಂಬಿದ್ದರೆ ಉತ್ತ ನೆಲ. ಅಲ್ಲಿ ಹುಲ್ಲನ್ನು ಮರಳಿ ತರುವ ಕೆಲಸವಿದೆ, ಅಥವಾ ಗಿಡ ನೆಡಬೇಕೆಂಬ ಹಟವಿದ್ದರೆ ಅದಕ್ಕೂ ಅದೇ ಜಾಗ.

ನೋಡುವುದೆಂದರೆ ಎಣಿಸುವುದು. ಅರ್ಧ ಇಂಚಿನ ಪಿವಿಸಿ ಪೈಪಿನ ನಾಲ್ಕು ತುಂಡು, ಎಲ್ಬೋ ಹಾಕಿ ಒಂದು ಮೀಟರ್ ಚೌಕಟ್ಟು. ಅಳತೆ ಒಳಅಂಚಿನಿಂದ ಒಳಅಂಚಿಗೆ ಇರಲಿ. ಗಮ್ ಹಚ್ಚಬೇಡಿ: ಎತ್ತರದ ಹುಲ್ಲಿನ ಮೇಲೆ ಚೌಕಟ್ಟನ್ನು ಇಟ್ಟರೆ ಹುಲ್ಲು ಮಲಗಿ ಲೆಕ್ಕ ಕೆಡುತ್ತದೆ, ಒಂದು ಬದಿ ಬಿಚ್ಚಿ, ಬುಡದಲ್ಲಿ ತೂರಿಸಿ, ಮತ್ತೆ ಜೋಡಿಸಬೇಕು. ಚೌಕಟ್ಟನ್ನು ಎಸೆದು ಬಿದ್ದಲ್ಲಿ ಎಣಿಸುವ ಹಳೆಯ ಅಭ್ಯಾಸ ಬಿಡಿ. ಹುಡುಗರು ಕಣ್ಮುಚ್ಚಿ ಎಸೆದರೂ ಅದು ಹೂವಿದ್ದ ಕಡೆಗೇ ಬೀಳುತ್ತದೆ, ಮುಳ್ಳಿನ ಕಡೆಗೆ ಎಂದೂ ಬೀಳುವುದಿಲ್ಲ. ಐವತ್ತು ಮೀಟರ್ ಟೇಪ್ ಹಾಸಿ, ಚೀಟಿ ಎತ್ತಿ ಬಂದ ಸಂಖ್ಯೆಯ ಜಾಗದಲ್ಲೇ ಚೌಕಟ್ಟು ಇಡಬೇಕು. ಎಕರೆಗೆ ಹತ್ತು ಚೌಕ ಸಾಕು. ಬೇರು ಒಳಗಿದ್ದರೆ ಆ ಗಿಡ ಲೆಕ್ಕಕ್ಕೆ, ಬರೀ ಎಲೆ ಒಳಗೆ ಬಾಗಿದ್ದರೆ ಇಲ್ಲ. ಆದರೆ ಹರವು, ಅಂದರೆ ಚೌಕದ ಎಷ್ಟು ಪಾಲನ್ನು ಗಿಡ ಮುಚ್ಚಿದೆ ಎಂದು, ಅಂದಾಜು ಮಾಡುವಾಗ ಎಲೆಯೂ ಸೇರುತ್ತದೆ. ಒಂದರ ಮೇಲೊಂದು ಹರಡುವುದರಿಂದ ಒಟ್ಟು ಶೇ 100 ಮೀರಬಹುದು, ಅದು ತಪ್ಪಲ್ಲ. ಬರಿಮಣ್ಣು ಎಷ್ಟು ಎಂದು ಬರೆಯುವುದನ್ನು ಮರೆಯುವವರೇ ಹೆಚ್ಚು. ಕಾಂಗ್ರೆಸ್ ಗಿಡ ಮುಂದಿನ ವರ್ಷ ಎಲ್ಲಿ ಬರಲಿದೆ ಎಂದು ಹೇಳುವುದು ಆ ಅಂಕಿಯೇ. ಜೂನ್, ಸೆಪ್ಟೆಂಬರ್, ಡಿಸೆಂಬರ್, ಹೀಗೆ ಮೂರು ಸಲ ಎಣಿಸಿದರೆ ಆ ಜಾಗಕ್ಕೆ ಒಂದು ಜಾತಕ ಸಿಗುತ್ತದೆ. ಒಂದು ಕಲ್ಲುಕಂಬ ನೆಟ್ಟು, ಅದರ ತಲೆಯ ಮೇಲೆ ಮೊಬೈಲ್ ಇಟ್ಟು, ಪ್ರತಿ ತಿಂಗಳು ಒಂದೇ ದಿಕ್ಕಿಗೆ ಒಂದು ಫೋಟೊ ತೆಗೆದರೆ ಇನ್ನೂ ಚೆನ್ನ.

ಹೆಸರಿನ ಸಮಸ್ಯೆ ಬಂದೇ ಬರುತ್ತದೆ. ಹೂವಿಲ್ಲದ ಹುಲ್ಲನ್ನು ಗುರುತಿಸುವುದು ಪಳಗಿದವರಿಗೂ ಕಷ್ಟ. ಹಾಳೆಗೆ ಅಂಟಿಸಿ, ನಂಬರ್ ಕೊಟ್ಟು, ತೆನೆ ಬಂದಾಗ ಹೆಸರು ಹುಡುಕಿದರಾಯಿತು. ಚಳ್ಳಕೆರೆ, ಮೊಳಕಾಲ್ಮೂರು ಕಡೆಯಾದರೆ ದೇವರ ಎತ್ತುಗಳನ್ನು ಕಾಯುವ ಕಿಲಾರಿಗಳನ್ನು, ಉಳಿದೆಡೆ ಕುರಿಗಾಹಿಗಳನ್ನು ಒಂದು ಬೆಳಿಗ್ಗೆ ಕರೆಸಿ. ಯಾವ ಹುಲ್ಲು ಯಾವ ತಿಂಗಳು ದನದ ಬಾಯಿಗೆ ರುಚಿ, ಯಾವುದು ಒಣಗಿದ ಮೇಲೂ ಸತ್ವ ಉಳಿಸಿಕೊಳ್ಳುತ್ತದೆ ಎಂಬುದು ನಮ್ಮ ಪಠ್ಯದಲ್ಲಿಲ್ಲ. ಬಂದವರಿಗೆ ಗೌರವಧನ ಕೊಡಿ. ಶಾಲು ಹೊದಿಸಿ ಬರಿಗೈಲಿ ಕಳಿಸಬೇಡಿ.

ಇನ್ನು ಮರಳಿ ಬೆಳೆಸುವ ಕೆಲಸ. ಬಳ್ಳಾರಿ ಜಾಲಿ ಇದ್ದರೆ ಅದೇ ಮೊದಲು ಹೋಗಬೇಕು. ನೆಲಮಟ್ಟಕ್ಕೆ ಕಡಿದರೆ ಒಂದಕ್ಕೆ ಹತ್ತು ಚಿಗುರು. ಬುಡದ ಸುತ್ತ ಮಣ್ಣು ಬಿಡಿಸಿ, ಮೊಗ್ಗುಗಳಿರುವ ಭಾಗ ಪೂರ್ತಿ ಹೊರಬರುವಂತೆ ಒಂದಡಿ ಕೆಳಗೆ ಬೇರು ಕತ್ತರಿಸಬೇಕು. ಜೆಸಿಬಿ ತಂದು ಇಡೀ ನೆಲ ಕೆರೆಸಿದರೆ ಕೆಲಸ ಬೇಗ ಆಗುತ್ತದೆ, ಆದರೆ ಉಳಿದ ಹುಲ್ಲೂ ಹೋಗಿ ಕಳೆಯ ಬೀಜಕ್ಕೆ ಹಬ್ಬವಾಗುತ್ತದೆ. ಕಾಂಗ್ರೆಸ್ ಗಿಡವನ್ನು ಹೂವಿಗೆ ಮೊದಲೇ, ಮಳೆ ಬಂದು ನೆಲ ಮೆತ್ತಗಿರುವಾಗ, ಕೈಗವಸು ಹಾಕಿ ಬೇರು ಸಮೇತ ಕೀಳಬೇಕು. ಚರ್ಮದ ಅಲರ್ಜಿ, ದಮ್ಮು ಇರುವ ಮಕ್ಕಳನ್ನು ಈ ಕೆಲಸಕ್ಕೆ ಕಳಿಸಲೇಬಾರದು. ಎಲೆಗಳ ಮೇಲೆ ಬಿಳಿ ಮೈಗೆ ಕಪ್ಪು ಗೀರಿನ ಪುಟ್ಟ ದುಂಬಿ ಕಂಡರೆ ಹೊಸಕಬೇಡಿ. ಅದು ಮೆಕ್ಸಿಕೊ ಮೂಲದ ಜೈಗೋಗ್ರಾಮ; ಈ ಕಳೆಯನ್ನು ತಿನ್ನಲೆಂದೇ 1984ರಲ್ಲಿ ಬೆಂಗಳೂರಿನಲ್ಲಿ ಬಿಟ್ಟದ್ದು.

ಬೀಜ ಅಂಗಡಿಯಲ್ಲಿ ಸಿಗುವುದಿಲ್ಲ, ಸಿಕ್ಕಿದ್ದನ್ನು ಕೊಳ್ಳಲೂಬಾರದು. ನೇಪಿಯರ್, ಗಿನಿ ಹುಲ್ಲು ದನದ ಮೇವಿಗೆ ಸರಿ; ಇಲ್ಲಿ ಹಾಕಿದರೆ ನಮ್ಮ ಬ್ಲೂಗ್ರಾಸ್‌ಅನ್ನು ನಾವೇ ತಂದಂತೆ. ಧಾರವಾಡದಲ್ಲಿ ಭಾರತೀಯ ಹುಲ್ಲುಗಾವಲು ಮತ್ತು ಮೇವು ಸಂಶೋಧನಾ ಸಂಸ್ಥೆಯ ಪ್ರಾದೇಶಿಕ ಕೇಂದ್ರವಿದೆ, ಸಲಹೆಗೆ ಅಲ್ಲಿ ಹೋಗಬಹುದು. ಬೀಜ ಮಾತ್ರ ಹತ್ತಾರು ಕಿ.ಮೀ. ಒಳಗಿನ ಬಯಲು, ರಸ್ತೆಯಂಚು, ಹಳೆಯ ಬದುಗಳಿಂದಲೇ ಬರಲಿ. ಮ್ಯಾಡಿಸನ್‌ನವರಂತೆ ಹೆಂಟೆ ಅಗೆದು ತರುವುದು ನಮಗೆ ಬೇಡ. ಕಾವಲಿನ ಹುಲ್ಲು ಕಿತ್ತು ಕಾಲೇಜಿನಲ್ಲಿ ನೆಟ್ಟರೆ ಒಂದು ಕಡೆ ಕೆಡಿಸಿ ಇನ್ನೊಂದು ಕಡೆ ಕಟ್ಟಿದಂತಾಯಿತು. ರಸ್ತೆ ಅಗಲೀಕರಣಕ್ಕೆ ಹೇಗೂ ಹೋಗಲಿರುವ ನೆಲವಾದರೆ ಮಾತ್ರ ಅಗೆದು ತನ್ನಿ.

ದೀಪಾವಳಿಯ ಆಚೀಚೆ, ತೆನೆಯನ್ನು ಬೆರಳ ನಡುವೆ ಸವರಿದರೆ ತಾನಾಗಿ ಉದುರುವ ಹೊತ್ತಿಗೆ ಬೀಜ ಹದ. ಹಸಿರಿದ್ದಾಗ ಕಿತ್ತರೆ ಜಳ್ಳು, ವಾರ ತಡವಾದರೆ ನೆಲದ ಪಾಲು. ಒಂದು ಗುತ್ತಿಯಿಂದ ಅರ್ಧಕ್ಕಿಂತ ಹೆಚ್ಚು ತೆಗೆಯಬೇಡಿ. ನೆರಳಲ್ಲಿ ಮೂರ್ನಾಲ್ಕು ದಿನ ಒಣಗಿಸಿ ಬಟ್ಟೆ ಚೀಲದಲ್ಲೋ ಕಾಗದದ ಲಕೋಟೆಯಲ್ಲೋ ಇಡಬೇಕು. ಪ್ಲಾಸ್ಟಿಕ್ ಕವರಿನಲ್ಲಿ ಬೆವೆತು ಬೂಷ್ಟು ಹಿಡಿಯುತ್ತದೆ. ಕಾಡುಹುಲ್ಲಿನ ತೆನೆಯಲ್ಲಿ ಪೊಳ್ಳು ಬಹಳ. ಉಗುರಿನಿಂದ ಒತ್ತಿ ನೋಡಿ, ಗಟ್ಟಿ ತಾಗಿದರೆ ಕಾಳಿದೆ. ಕಿತ್ತ ತಿಂಗಳಲ್ಲೇ ಒದ್ದೆ ಬಟ್ಟೆಯ ಮೇಲೆ ನೂರು ಬೀಜ ಹಾಕಿ, ಒಂದೂ ಮೊಳೆಯಲಿಲ್ಲವೆಂದು ಚೀಲವನ್ನೇ ಎಸೆಯುವ ಅಪಾಯವಿದೆ. ಹಲವು ಹುಲ್ಲುಗಳ ಹೊಸ ಬೀಜ ನಿದ್ದೆಯಲ್ಲಿರುತ್ತದೆ. ಆರು ತಿಂಗಳಿಂದ ವರ್ಷದವರೆಗೆ ಇಟ್ಟರೆ ಏಳುತ್ತದೆ. ಪ್ರೇರಿಯ ಎಷ್ಟೋ ಹೂಗಿಡಗಳ ಬೀಜಕ್ಕೆ ವಾರಗಟ್ಟಲೆ ಒದ್ದೆ ಚಳಿ ಬೇಕು, ಅದಕ್ಕೇ ಅಲ್ಲಿ ಹಿಮ ಬೀಳುವ ಮುನ್ನ ಬಿತ್ತುತ್ತಾರೆ. ನಮ್ಮದಕ್ಕೆ ಬೇಕಿರುವುದು ಒಂದು ಬೇಸಿಗೆ.

ಬಟ್ಟೆಗೆ ಚುಚ್ಚಿಕೊಳ್ಳುವ ಹುಲ್ಲು ಎಲ್ಲರಿಗೂ ಗೊತ್ತು, ಹೆಸರು ಊರೂರಿಗೆ ಬೇರೆ. ಪುಸ್ತಕದಲ್ಲಿ ಹೆಟೆರೊಪೋಗಾನ್ ಕಂಟಾರ್ಟಸ್. ಅದರ ಒಂದು ಬೀಜವನ್ನು ತಟ್ಟೆಯ ಮೇಲಿಟ್ಟು ಬಾಲದ ಮೇಲೆ ಎರಡು ಹನಿ ನೀರು ಬಿಡಿ. ಹಗ್ಗದಂತೆ ಹುರಿಗೊಂಡ ಕಪ್ಪು ಬಾಲ ನಿಧಾನಕ್ಕೆ ಬಿಚ್ಚಿಕೊಳ್ಳುತ್ತ, ಬೀಜ ಗಡಿಯಾರದ ಮುಳ್ಳಿನಂತೆ ತಿರುಗುತ್ತದೆ. ಒಣಗಿದರೆ ಮತ್ತೆ ಹುರಿಗೊಳ್ಳುತ್ತದೆ. ಬಯಲಿನಲ್ಲಿ ಇಬ್ಬನಿಗೆ ಬಿಚ್ಚಿ, ಬಿಸಿಲಿಗೆ ಸುತ್ತಿ, ಬೈರಿಗೆಯಂತೆ ತಾನೇ ನೆಲ ಕೊರೆದುಕೊಂಡು ಇಳಿಯುವುದು ಹೀಗೆ. ಒಂಬತ್ತನೆಯ ತರಗತಿಯ ಮಕ್ಕಳನ್ನು ಹತ್ತು ನಿಮಿಷ ಸುಮ್ಮನೆ ಕೂರಿಸಲು ಇದಕ್ಕಿಂತ ಅಗ್ಗದ ಪ್ರಯೋಗ ನಮಗೆ ಗೊತ್ತಿಲ್ಲ.

ಬಿತ್ತನೆ ಮುಂಗಾರು ಹಿಡಿದ ಮೇಲೆ. ಮೇಲ್ಮಣ್ಣನ್ನು ಕುಂಟೆಯಿಂದ ಒಂದು ಬೆರಳು ಕೆದಕಿದರೆ ಸಾಕು, ಉಳಬೇಡಿ. ಬೀಜಕ್ಕೆ ನಾಲ್ಕು ಪಾಲು ಮರಳು ಬೆರೆಸಿ ಎರಚಿ, ಮುಳ್ಳಿನ ಕೊಂಬೆ ಎಳೆದು ಮುಚ್ಚಿ. ಒಂದು ಸೆಂ.ಮೀ.ಗಿಂತ ಆಳಕ್ಕೆ ಹೋದರೆ ಸಣ್ಣ ಬೀಜ ಮೇಲೆ ಬರುವುದಿಲ್ಲ. ಕೊಟ್ಟಿಗೆ ಗೊಬ್ಬರ ಹಾಕುವ ಆಸೆ ಬೇಡ. ಅದರಲ್ಲಿ ಬರುವುದು ಕಳೆಯ ಬೀಜ, ಅದು ಪೋಷಿಸುವುದೂ ಕಳೆಯನ್ನೇ. ಮುಖ್ಯ ಶತ್ರು ಇರುವೆ. ಸಾಲುಗಟ್ಟಿ ಹೊತ್ತೊಯ್ದು ಗೂಡಿನ ಬಾಯಲ್ಲಿ ಹೊಟ್ಟು ರಾಶಿ ಹಾಕಿರುತ್ತದೆ. ಬೀಜವನ್ನು ಜೇಡಿಮಣ್ಣಿನಲ್ಲಿ ಕಲಸಿ ಕಡಲೆ ಗಾತ್ರದ ಉಂಡೆ ಮಾಡಿ ಒಣಗಿಸಿ ಎರಚಿದರೆ ಅದರ ಕಾಟ ಕಡಿಮೆ.

ಮೊದಲ ವರ್ಷ ಕಾಣುವುದು ನಾಲ್ಕು ಎಲೆ, ಅಷ್ಟೆ. ಇಲ್ಲೇ ಬಹಳ ಕಾಲೇಜುಗಳು ಕೈಚೆಲ್ಲುತ್ತವೆ. ಬಹುವಾರ್ಷಿಕ ಹುಲ್ಲು ಮೊದಲು ಬೇರಿಗೆ ದುಡಿಯುತ್ತದೆ. ಪ್ರೇರಿಯಲ್ಲೂ ಅದೇ ಕತೆ. ಆಳೆತ್ತರ ಮೀರಿ ಬೆಳೆಯುವ ಬಿಗ್ ಬ್ಲೂಸ್ಟೆಮ್ ಮೊದಲ ವರ್ಷ ಗೇಣುದ್ದವೂ ಇರುವುದಿಲ್ಲ. ಅಲ್ಲಿ ಆ ವರ್ಷ ಕಳೆಯನ್ನು ಕೀಳದೆ, ಅದು ಒಂದಡಿ ಬೆಳೆದಾಗಲೆಲ್ಲ ಏಳೆಂಟು ಇಂಚಿಗೆ ಕತ್ತರಿಸುತ್ತ ಹೋಗುತ್ತಾರೆ; ಎಳೆಹುಲ್ಲಿಗೆ ಬೆಳಕೂ ಸಿಗುತ್ತದೆ, ಅದರ ಬೇರೂ ಅಲುಗುವುದಿಲ್ಲ. ಇಲ್ಲಿಗೂ ಅದೇ ಸರಿ. ಮೇಕೆ, ಕುರಿ ಎರಡು ವರ್ಷ ಒಳಗೆ ಬರಕೂಡದು.

ಆಮೇಲೆ ವರ್ಷಕ್ಕೊಂದು ಕೊಯ್ಲು. ಇದರಲ್ಲೊಂದು ಬಿಕ್ಕಟ್ಟಿದೆ. ಬೀಜ ಉದುರುವ ಮೊದಲು ಕೊಯ್ದರೆ ಮೇವು ಒಳ್ಳೆಯದು, ಬೀಜವಿಲ್ಲ. ಉದುರಿದ ಮೇಲೆ ಕೊಯ್ದರೆ ಬೀಜವಿದೆ, ಮೇವು ಹೊಟ್ಟಿನಂತೆ. ಜಾಗವನ್ನು ಮೂರು ಪಟ್ಟಿ ಮಾಡಿ: ಒಂದನ್ನು ಅಕ್ಟೋಬರಿನಲ್ಲಿ ಮೇವಿಗೆ, ಒಂದನ್ನು ಜನವರಿಯಲ್ಲಿ ಬೀಜ ಉದುರಿದ ಮೇಲೆ, ಮೂರನೆಯದನ್ನು ಆ ವರ್ಷ ಮುಟ್ಟದೆ. ಮುಂದಿನ ವರ್ಷ ಸರದಿ ಬದಲಿಸಿ. ನಾಲ್ಕು ಬೆರಳು ಮೋಟು ಬಿಟ್ಟು ಕುಡುಗೋಲಿನಲ್ಲಿ ಕೊಯ್ಯಬೇಕು. ಕೊಯ್ದದ್ದನ್ನು ಅಲ್ಲೇ ಬಿಡದೆ ಊರಿನ ದನಗಳಿಗೆ ಕೊಟ್ಟುಬಿಡಿ. ಬೇಸಿಗೆ ಬಲಿತ ಮೇಲೆ ಮತ್ತು ಮಳೆಗಾಲದಲ್ಲಿ ಕುಡುಗೋಲು ಬೇಡ. ಬಾನಾಡಿ, ಗೌಜಲು ಮೊಟ್ಟೆ ಇಡುವುದು ನೆಲದ ಮೇಲೇ. ಕಾಂಪೌಂಡಿನ ಗುಂಟ ಹತ್ತಡಿ ಪಟ್ಟಿಯನ್ನು ಮಾತ್ರ ಜನವರಿಯಲ್ಲಿ ನೆಲಮಟ್ಟಕ್ಕೆ ಸವರಿಡಿ. ಹೊರಗೆ ಬೀಡಿ ಎಸೆಯುವವರನ್ನು ತಡೆಯಲಾಗದಿದ್ದರೂ ಬೆಂಕಿಯನ್ನು ತಡೆಯಬಹುದು.

ಬೆಂಕಿಯ ನಂತರ ಪ್ರಾಂಶುಪಾಲರ ಎರಡನೆಯ ಭಯ ಹಾವು. ಕೊಳಕುಮಂಡಲ ಇರುವ ಸೀಮೆಯಲ್ಲಿ ಅದು ಸುಮ್ಮನೆ ಹೆದರಿಕೆಯಲ್ಲ. ಒಳಗೆ ನಾಲ್ಕಡಿ ಅಗಲದ ಕಾಲುದಾರಿಯನ್ನು ಸದಾ ಬೋಳಾಗಿ ಇಟ್ಟು, ಮಕ್ಕಳು ದಾರಿಯಲ್ಲೇ ನಿಂತು ನೋಡಲಿ. ಚೌಕಟ್ಟಿಡಲು ಹುಲ್ಲಿಗೆ ಇಳಿಯುವ ಇಬ್ಬರು ಮೂವರಿಗೆ ಗಂಬೂಟು, ಮುಂದೆ ಒಬ್ಬರ ಕೈಯಲ್ಲಿ ಕೋಲು. ಕೈಯಿಂದ ಗುತ್ತಿ ಬಿಡಿಸುವ ಮೊದಲು ಕೋಲಿನಿಂದ ಬಿಡಿಸಬೇಕು. ಹತ್ತಿರದ ಯಾವ ಆಸ್ಪತ್ರೆಯಲ್ಲಿ ವಿಷನಿರೋಧಕವಿದೆ ಎಂದು ಮೊದಲೇ ವಿಚಾರಿಸಿಕೊಂಡು ಲ್ಯಾಬಿನ ಗೋಡೆಗೆ ಬರೆದು ಹಾಕಿ.

ಪಾಠ ಜೀವಶಾಸ್ತ್ರಕ್ಕೇ ಸೀಮಿತವಾಗಬೇಕಿಲ್ಲ. ನೆಲ ಎಷ್ಟು ಬೇಗ ನೀರು ಕುಡಿಯುತ್ತದೆ ಎಂದು ಅಳೆಯಲು ಆರು ಇಂಚಿನ ಪಿವಿಸಿ ಪೈಪಿನ ಗೇಣುದ್ದದ ತುಂಡು ಸಾಕು; ನೇರ ಬಡಿದರೆ ಅದು ಒಡೆಯುತ್ತದೆ. ಮೇಲೊಂದು ಹಲಗೆ ಇಟ್ಟು ಸುತ್ತಿಗೆಯಿಂದ ಬಡಿದು ಮೂರು ಇಂಚು ನೆಲಕ್ಕಿಳಿಸಿ. ಒಳಗೆ ತೆಳು ಪ್ಲಾಸ್ಟಿಕ್ ಹಾಸಿ 444 ಮಿ.ಲೀ. ನೀರು ಸುರಿದು, ಪ್ಲಾಸ್ಟಿಕ್ಕನ್ನು ಮೆಲ್ಲಗೆ ಎಳೆದು ಗಡಿಯಾರ ನೋಡಿ. ಆ ನೀರು ಹೆಚ್ಚುಕಡಿಮೆ ಒಂದು ಇಂಚು ಮಳೆಗೆ ಸಮ. ಪ್ಲಾಸ್ಟಿಕ್ ಇಲ್ಲದೆ ನೇರ ಸುರಿದರೆ ಮಣ್ಣು ಕದಡಿ ರಂಧ್ರ ಮುಚ್ಚಿ ಲೆಕ್ಕ ತಪ್ಪುತ್ತದೆ. ಮೊದಲ ಇಂಚು ಒಣಮಣ್ಣನ್ನು ನೆನೆಸಲು ಹೋಗುತ್ತದೆ, ಹೋಲಿಸಬೇಕಾದ್ದು ಎರಡನೆಯ ಇಂಚಿನ ಹೊತ್ತನ್ನು. ಹುಲ್ಲಿನ ಗುತ್ತಿಯ ಬಳಿ ಒಮ್ಮೆ, ವಾಹನ ನಿಲ್ಲಿಸುವ ಜಾಗದಲ್ಲಿ ಒಮ್ಮೆ ಮಾಡಿದರೆ ಅಂತರ್ಜಲದ ಮೇಲೆ ಭಾಷಣವೇ ಬೇಕಿಲ್ಲ. ಗಣಿತದವರಿಗೂ ಕೆಲಸವಿದೆ: ಅರ್ಧ ಮೀಟರ್ ಚೌಕದ ಹುಲ್ಲು ಕೊಯ್ದು, ತೂಕ ಇಳಿಯುವುದು ನಿಲ್ಲುವವರೆಗೆ ಒಣಗಿಸಿ ತೂಗಲಿ. 50 ಗ್ರಾಂ ಬಂದರೆ ಚದರ ಮೀಟರಿಗೆ 200 ಗ್ರಾಂ, ಎಕರೆಗೆ ಎಂಟು ಕ್ವಿಂಟಲಿನಷ್ಟು ಒಣಮೇವು. ಖಾಲಿ ಜಾಗದ ಇಳುವರಿ ಅದು.

ಮ್ಯಾಡಿಸನ್‌ನ ಅರ್ಬೊರೇಟಂ 1990ರ ದಶಕದಲ್ಲಿ ಶಾಲಾ ಶಿಕ್ಷಕರನ್ನು ಕರೆಸಿ, ಮಣ್ಣು ನೋಡುವುದರಿಂದ ಹಿಡಿದು ಬೀಜ ಬಿತ್ತುವವರೆಗೆ ಕಲಿಸಿ, ಅವರವರ ಶಾಲೆಯಂಗಳದಲ್ಲಿ ಪುಟ್ಟ ಪ್ರೇರಿ ಮಾಡಿಸತೊಡಗಿತು. ಕಾನ್ಸಾಸ್ ರಾಜ್ಯ ವಿಶ್ವವಿದ್ಯಾಲಯದವರು ಕೊಂಜ಼ಾ ಪ್ರೇರಿಯಲ್ಲಿ ಒಂದು ಕಣಿವೆಯನ್ನು ಪ್ರತಿವರ್ಷ, ಇನ್ನೊಂದನ್ನು ಎರಡು, ನಾಲ್ಕು, ಇಪ್ಪತ್ತು ವರ್ಷಕ್ಕೊಮ್ಮೆ ಸುಡುತ್ತ, ಎಲ್ಲಿ ಹುಲ್ಲು ಉಳಿಯಿತು, ಎಲ್ಲಿ ಪೊದೆ ನುಗ್ಗಿತು ಎಂದು ದಶಕಗಳಿಂದ ಬರೆದಿಡುತ್ತಿದ್ದಾರೆ. ನಮ್ಮ ಒಂದು ಎಕರೆಯಲ್ಲಿ ಕೊಯ್ದ, ತಡವಾಗಿ ಕೊಯ್ದ, ಕೊಯ್ಯದ ಮೂರು ಪಟ್ಟಿಗಳೂ ಅದೇ ಪ್ರಯೋಗದ ಸಣ್ಣ ರೂಪ. ಬ್ಯಾಚು ಬದಲಾದರೂ ದಾಖಲೆ ಪುಸ್ತಕ ಒಂದೇ ಆಗಿರಬೇಕು. ಅಧ್ಯಾಪಕರು ವರ್ಗವಾಗಿ ಹೋಗುವಾಗ ಅದನ್ನೂ ಚಾರ್ಜ್ ಲಿಸ್ಟಿನಲ್ಲಿ ಬರೆಸಿ ಹೋಗಲಿ.

ವಿಶ್ವವಿದ್ಯಾಲಯಗಳಲ್ಲಿ ನಮ್ಮ ಬೇಡಿಕೆ ಇಷ್ಟು: ಹಸಿರು ಆವರಣದ ವರದಿಯ ನಮೂನೆಯಲ್ಲಿ ‘ನೆಟ್ಟ ಸಸಿಗಳ ಸಂಖ್ಯೆ’ ಎಂಬ ಕಾಲಂ ಪಕ್ಕದಲ್ಲಿ ‘ಉಳಿಸಿಕೊಂಡ ಹುಲ್ಲುಗಾವಲು, ಎಕರೆ-ಗುಂಟೆ’ ಎಂಬ ಇನ್ನೊಂದು ಕಾಲಂ ಸೇರಿಸಲಿ. ಕಾಲಂ ಇಲ್ಲದ್ದನ್ನು ಯಾವ ಕಾಲೇಜೂ ಉಳಿಸುವುದಿಲ್ಲ. ಈ ವರ್ಷದ ಗುಂಡಿಗಳಿಗೆ ಸುಣ್ಣದ ಗುರುತು ಹಾಕುವ ಮೊದಲು ಹತ್ತು ಚೌಕವನ್ನಾದರೂ ಎಣಿಸಲಿ. ಅದಕ್ಕೆ ಬೇಕಾದ್ದು ನಾಲ್ಕು ಪೈಪು, ನಾಲ್ಕು ಎಲ್ಬೋ, ಒಂದು ಬೆಳಗಿನ ಹೊತ್ತು.

ಇಂತಿ,
ಕೆಲವು ಸಸ್ಯಶಾಸ್ತ್ರ ಅಧ್ಯಾಪಕರು,
ಚಿತ್ರದುರ್ಗ